ಅತ್ತೆಯ ಹಾಸಿಗೆ ಮತ್ತು ಪರಿಸರ ಸಮಿತಿ

ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಪರಿಸರ ಸಮಿತಿ ಹುಟ್ಟಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಅದೊಂದು ಕನಸು" ಎನ್ನುತ್ತಾರೆ. ಕನಸು ಹೌದು. ಆದರೆ ಆ ಕನಸಿಗೆ ಬೇಕಾದ ಹಾಸಿಗೆ ಯಾರದ್ದು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಆದ್ದರಿಂದ ನಾನೇ ಹೇಳಬೇಕಾಗಿದೆ.

ನಾನು ಅದೇ ಕಾರ್ಖಾನೆಯಲ್ಲಿ ಕಪ್ಪುಗಳ ಅಂಚಿಗೆ ನೀಲಿ ಗೆರೆ ಎಳೆಯುವವನು. ಕೈ ನಡುಗಬಾರದು, ಮನಸ್ಸು ಅಲುಗಬಾರದು. ಗೆರೆ ಎಂದರೆ ಗೆರೆ. ಮಾತೂ ಹಾಗೆಯೇ, ಆಗುವುದಿಲ್ಲ ಎಂದರೆ ಆಗುವುದಿಲ್ಲ. ನಮ್ಮ ಬೀದಿಯಲ್ಲಿ ನನ್ನ ಹತ್ತಿರ ಏಣಿ ಕೇಳಲು ಬರುವವರು ಮೊದಲು ನನ್ನ ಹೆಂಡತಿಯ ಮುಖ ನೋಡುತ್ತಾರೆ. ನನ್ನ ಪಕ್ಕದ ಮನೆಯವನು ಇದಕ್ಕೆ ತದ್ವಿರುದ್ಧ. ನಮ್ಮ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ. ಯಾರು ಏನು ಹೇಳಲಿ, ಮಾತು ಮುಗಿಯುವ ಮೊದಲೇ "ಆಯ್ತು" ಎಂದುಬಿಡುತ್ತಾನೆ. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಮಗೆಲ್ಲ ಅವನು ಆಯ್ತಪ್ಪ.

ಆಯ್ತು ಎನ್ನುವುದಕ್ಕೂ ಅದು ಆಗುವುದಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ. ಸ್ಟೋರಿನವರು, "ಥರ್ಮಾಕೋಲ್ ಮುಗೀತಾ ಬಂತು, ಆರ್ಡರ್ ಹಾಕ್ಬಿಡಿ" ಎಂದರು. ಆಯ್ತು ಎಂದ. ಮರುವಾರ ಜ್ಞಾಪಿಸಿದರು. ಆಯ್ತು ಆಯ್ತು ಎಂದ. ಅದಾದ ಮೇಲೆ ಒಂದು ದಿನ ಮ್ಯಾನೇಜರು ಮೆಟ್ಟಿಲಿನ ಮೇಲಿಂದಲೇ ಕೂಗಿ, "ಸಂಜೆ ಚಹಾ ಮೇಡಂ ಅವರ ಮಾಲು ಹೊರಡ್ಬೇಕು, ಪ್ಯಾಕಿಂಗ್ ಆಗುತ್ತಲ್ವೇನ್ರೀ?" ಎಂದಾಗ, ಆಯ್ತು ಸಾರ್ ಎಂದು ತಿರುಗಿ ನೋಡಿದರೆ ಥರ್ಮಾಕೋಲ್ ಇಡುವ ಮೂಲೆ ಬೋಳು. ಅಲ್ಲಿದ್ದದ್ದು ಅಲ್ಲಲ್ಲಿ ಬಣ್ಣ ಮೆತ್ತಿದ, ಒಡೆದ, ಗುಡಿಸಿಟ್ಟ ಹಳೆಯ ಚೂರುಗಳು ಮಾತ್ರ. ಅದರಲ್ಲಿ ಬಿಳಿ ಕಪ್ಪಿಟ್ಟರೆ ಕಪ್ಪಿಗೆ ಸಿಡುಬು ಎದ್ದಂತೆ ಕಾಣುತ್ತದೆ.

ಚಹಾ ಮೇಡಂ ಎಂದರೆ ಸಾಮಾನ್ಯ ಗಿರಾಕಿಯಲ್ಲ. ಊರೂರಿನಲ್ಲಿ ಚಹಾದಂಗಡಿ ಇಟ್ಟಿರುವ ಹೆಂಗಸು. ನಾವು ಎಳೆಯುವ ನೀಲಿ ಗೆರೆಗಳಲ್ಲಿ ಅರ್ಧ ಅವರ ಗಿರಾಕಿಗಳ ತುಟಿಗೆ ಹೋಗುತ್ತವೆ. ಅವರ ಮಾಲು ತಪ್ಪಿದರೆ ಆಯ್ತಪ್ಪನ ಕೆಲಸವೂ ತಪ್ಪುತ್ತದೆ ಎಂದು ಅವನಿಗೆ ಗೊತ್ತು. ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದವನು ಊಟ ಬಿಟ್ಟು ಕೋಣೆಯಿಂದ ಕೋಣೆಗೆ ಅಲೆದ. ಹೆಂಡತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಅತ್ತೆ ಕಿರಿಯ ಮಗಳ ಮನೆಗೆ ಹೋಗಿದ್ದರು. ಅತ್ತೆಯ ಕೋಣೆಯಲ್ಲಿ ಅತ್ತೆಯ ಮಂಚ, ಮಂಚದ ಮೇಲೆ ಅತ್ತೆಯ ಹಾಸಿಗೆ. ದಪ್ಪನೆಯ, ಒಳ್ಳೆ ಹತ್ತಿಯ ಹಾಸಿಗೆ.

ಈ ಹಾಸಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ಅವರ ಯಜಮಾನರು ಬದುಕಿದ್ದಾಗ ಮುಂದೆ ನಿಂತು ಹೊಲಿಸಿಕೊಟ್ಟದ್ದು. ಮಗಳ ಮನೆಗೆ ಬಂದು ನೆಲೆಸುವಾಗ ಆಕೆ ಬೀರು ಬಿಟ್ಟು ಬಂದರು, ಪಾತ್ರೆ ಬಿಟ್ಟು ಬಂದರು, ಹಾಸಿಗೆ ಮಾತ್ರ ತಮ್ಮ ಜೊತೆಯಲ್ಲೇ ತಂದರು. ಬೇರೆ ಯಾವುದರ ಮೇಲೂ ಅವರಿಗೆ ಕಣ್ಣು ಮುಚ್ಚುವುದಿಲ್ಲ. ಜೊತೆಗೆ ಆಕೆ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಒಂದು ಜೀವಮಾನವಿಡೀ ಸುಳ್ಳು ಕೇಳಿಸಿಕೊಂಡ ಕಿವಿಗಳವು. ಅಂಥವರ ಹಾಸಿಗೆಗೆ ಕೈಹಾಕುವುದೆಂದರೆ ಹುಡುಗಾಟವಲ್ಲ.

ಆಯ್ತಪ್ಪ ಕೈಹಾಕಿದ. ಹತ್ತಿಯನ್ನೆಲ್ಲ ಎರಡು ಮೂಟೆ ಮಾಡಿ ಸೈಕಲ್ಲಿಗೇರಿಸಿದ. ಕಾರ್ಖಾನೆಯಿಂದ ಆ ಬಣ್ಣ ಮೆತ್ತಿದ ಥರ್ಮಾಕೋಲ್ ಚೂರುಗಳನ್ನು ತಂದು ಹಾಸಿಗೆಯ ಹೊಟ್ಟೆಗೆ ತುಂಬಿದ. ಗೋಣಿ ಹೊಲಿಯುವ ದಬ್ಬಳದಿಂದ, ಸೆಣಬಿನ ಹುರಿಯಲ್ಲಿ, ಪ್ಯಾಕಿಂಗ್‌ನವರ ಗಂಟು ಹಾಕಿ ಹೊಲಿದ. ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಇಡೀ ಆಯುಷ್ಯ ಪ್ಯಾಕಿಂಗ್ ಮಾಡಿದ ಕೈ ನೋಡಿ, ಹೊಲಿಗೆ ಮುಗಿದ ಕೂಡಲೇ ಜೇಬಿನಿಂದ ಚೀಟಿ ತೆಗೆದು ಅಂಟಿಸಿಬಿಟ್ಟಿತು. 'ಜೋಪಾನ, ಒಡೆಯುವ ವಸ್ತು. ಈ ಬದಿ ಮೇಲೆ.' ಬಾಣದ ಗುರುತೂ ಇತ್ತು. ಅದರ ಮೇಲೆ ಹೊದಿಕೆ ಹಾಸಿ, ಎರಡು ಬಾರಿ ತಟ್ಟಿ, ಆಯ್ತಪ್ಪ ಕಾರ್ಖಾನೆಗೆ ಓಡಿದ. ಸಂಜೆಗೆ ಮಾಲು ಹೊರಟಿತು.

ನಾಲ್ಕಾರು ದಿನ ಕಳೆದ ಮೇಲೆ ಮ್ಯಾನೇಜರು ಅವನನ್ನು ತಮ್ಮ ಕೋಣೆಗೆ ಕರೆಸಿದರು. ನಾನು ಆಗ ಮಾದರಿ ಕಪ್ಪು ತೋರಿಸಲು ಅಲ್ಲೇ ನಿಂತಿದ್ದೆ. ಆಯ್ತಪ್ಪ ಒಳಗೆ ಬಂದ ರೀತಿ ನೋಡಿದರೆ ಮನೆಯಲ್ಲಿ ಎಲ್ಲರಿಗೂ ಕೊನೆಯ ಮಾತು ಹೇಳಿ ಬಂದವನ ಹಾಗಿತ್ತು.

"ಚಹಾ ಮೇಡಂ ಫೋನ್ ಮಾಡಿದ್ರು" ಎಂದರು ಮ್ಯಾನೇಜರು. "ಪೆಟ್ಟಿಗೆ ತೆಗೆದ್ರೆ ಒಳಗೆ ಹತ್ತಿ ಇತ್ತಂತೆ."

"ತಪ್ಪಾಯ್ತು ಸಾರ್."

"ಒಂದು ಕಪ್ಪೂ ಒಡೆದಿಲ್ವಂತೆ. ಒಂದು ಚೂರು ಪ್ಲಾಸ್ಟಿಕ್ ಇಲ್ದೆ ಮಾಲು ಕಳಿಸಿದ ಮೊದಲನೇ ಕಾರ್ಖಾನೆ ನಮ್ದೇ ಅಂದ್ರು. ಕಣ್ಣಲ್ಲಿ ನೀರು ಬಂತಂತೆ. ಎಲ್ಲಿಂದ ತಂದ್ರಿ ಹತ್ತಿ?"

"ಮನೆಯಿಂದ ಸಾರ್. ನಮ್ಮತ್ತೆಯವರ ಹಾಸಿಗೆ."

ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತರು. "ಅತ್ತೆಯವರ ಹಾಸಿಗೆ ಬಿಚ್ಚಿದ್ರಾ? ಪರಿಸರಕ್ಕೋಸ್ಕರ?"

ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಹೌದು ಎನ್ನುತ್ತಾನೆ, ಪ್ರಾಮಾಣಿಕ ಮನುಷ್ಯ ಅಲ್ಲ ಎನ್ನುತ್ತಾನೆ. ನಮ್ಮವನು ಕೈಕಟ್ಟಿಕೊಂಡು, "ಆಯ್ತು ಸಾರ್" ಎಂದ.

ಅಷ್ಟು ಸಾಕಾಯಿತು. ಮರುದಿನ ಕಪ್ಪು ಸುಡುವ ಗೂಡಿನ ಮುಂದಿನ ಅಂಗಳದಲ್ಲಿ ಸಭೆ. ಬದಲಾವಣೆ ಮೇಲಿನಿಂದ ಬರುವುದಿಲ್ಲ, ಸರ್ಕಾರದಿಂದ ಬರುವುದಿಲ್ಲ, ಕೆಲಸ ಮಾಡುವ ಜಾಗದಿಂದ, ಕೆಲಸ ಮಾಡುವವರ ಮನೆಯಿಂದ ಬರುತ್ತದೆ ಎಂದು ಮ್ಯಾನೇಜರು ಮೇಲೆ ನಿಂತು ಹೇಳಿದರು. ಪರಿಸರ ಸಮಿತಿ ಸ್ಥಾಪನೆಯಾಯಿತು. ಆಯ್ತಪ್ಪ ಅಧ್ಯಕ್ಷ. ಚಹಾ ಮೇಡಂ ಇದರ ಎರಡರಷ್ಟು ಮಾಲಿಗೆ ಆರ್ಡರ್ ಕೊಟ್ಟಿದ್ದಾರೆ, ಆದ್ದರಿಂದ ಪ್ರತಿಯೊಬ್ಬ ನೌಕರನೂ ಸ್ವಇಚ್ಛೆಯಿಂದ ಒಂದೊಂದು ಹಾಸಿಗೆ ತರತಕ್ಕದ್ದು, ತರದವರ ಹೆಸರನ್ನು ಬರೆದುಕೊಳ್ಳಲಾಗುವುದು ಎಂದರು.

ಯೂನಿಯನ್ ಕಾರ್ಯದರ್ಶಿ ಕೈ ಎತ್ತಿದ. ಅವನು ಕೈ ಎತ್ತಿದರೆ ಇಳಿಸುವುದು ಕಷ್ಟ. "ಹಾಸಿಗೆ ನಮ್ದು, ಹೆಸರು ನಿಮ್ದು. ಇರಲಿ, ಒಪ್ಕೋತೀವಿ. ಸಾಹೇಬ್ರ ಹಾಸಿಗೆ ಯಾವಾಗ ಬರುತ್ತೆ?"

"ನಂದು ಸ್ಪ್ರಿಂಗಿನದು ಕಣ್ರೀ" ಎಂದರು ಮ್ಯಾನೇಜರು, ನಿಜವಾಗಿಯೂ ಬೇಜಾರಾದವರ ಹಾಗೆ. "ಅದು ಪ್ಯಾಕಿಂಗಿಗೆ ಬರಲ್ವಲ್ಲ."

ನಾನು ಹಾಸಿಗೆ ಕೊಡುವುದಿಲ್ಲ ಎಂದು ಅಲ್ಲೇ ನಿರ್ಧರಿಸಿದೆ. ನನ್ನ ಸ್ವಭಾವ ಹೇಳಿದೆನಲ್ಲ. ಮನೆಗೆ ಬಂದು ನೋಡಿದರೆ ನನ್ನ ಹೆಂಡತಿ ನಮ್ಮ ಹಾಸಿಗೆಯನ್ನು ಬಾಗಿಲಿಗೆ ತಂದು, ಹೆಗಲಿಗೆ ಏರಿಸಿಕೊಳ್ಳಲು ನನಗಾಗಿ ಕಾಯುತ್ತಿದ್ದಳು. "ಆಚೆಮನೆಯವರು ಅತ್ತೆಯ ಹಾಸಿಗೇನೇ ಕೊಟ್ಟಿದ್ದಾರೆ. ನೀವು ನಿಮ್ದಾದ್ರೂ ಕೊಡಿ" ಎಂದಳು. ಕೊಡುವವರು ನಾವು, ತ್ಯಾಗಮೂರ್ತಿ ಅವನು. ಅಂದಿನಿಂದ ನಾನು ಚಾಪೆಯವನಾದೆ. ನಮ್ಮ ಬೀದಿಯಲ್ಲಿ ಕಾರ್ಖಾನೆಯವರು ಬಹಳ ಜನ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಜಗುಲಿಗಳಲ್ಲೂ ಸೊಂಟ ಹಿಡಿದುಕೊಂಡು ನಿಂತ ಪರಿಸರ ಪ್ರೇಮಿಗಳು. ಔಷಧದಂಗಡಿಯವನು ಮಾತ್ರ ನಮ್ಮ ಸಮಿತಿಯನ್ನು ಬಾಯಿತುಂಬ ಹೊಗಳಿದ. ನೋವಿನ ಮುಲಾಮು ಅವನ ಅಂಗಡಿಯಲ್ಲಿ ಅಷ್ಟು ಬೇಗ ಎಂದೂ ಖಾಲಿಯಾಗಿರಲಿಲ್ಲವಂತೆ.

ಇಷ್ಟರಲ್ಲಿ ಅತ್ತೆ ಬಂದರು. ಮನೆಯವರ ಮುಂದೆ ಆ ತ್ಯಾಗದ ಮಾತೆತ್ತಬೇಡಿ, ಅವರಿಗೆ ಸಂಕೋಚವಾಗುತ್ತದೆ ಎಂದು ಆಯ್ತಪ್ಪ ಬೀದಿಯವರನ್ನೆಲ್ಲ ಮೊದಲೇ ಬೇಡಿಕೊಂಡಿದ್ದ.

ಆಯ್ತಪ್ಪ ಹೊಸ ಹತ್ತಿ ತಂದು ತುಂಬಿಬಿಡೋಣ ಎಂದುಕೊಂಡಿದ್ದ. ಆದರೆ ಊರಿನ ಹತ್ತಿಯನ್ನೆಲ್ಲ ಅವನ ಸಮಿತಿಯೇ ಬಾಚಿಕೊಂಡಿತ್ತು. ಮಧ್ಯಾಹ್ನ ಊಟ ಮಾಡಿ ಆಕೆ ಮಲಗಲು ಹೋದರು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅಂದು ಭಾನುವಾರ, ನಾನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದೆ. ಮೊದಲು ಕಿರ್ ಎಂದಿತು. ಆಮೇಲೆ ಕಿರ್ರ್ ಕುರ್ರ್. ಮಗ್ಗುಲು ಬದಲಿಸಿದರೆ ಹಲ್ಲು ಕಡಿದಂತೆ ಸದ್ದು. ಥರ್ಮಾಕೋಲ್ ಉಜ್ಜಿದರೆ ಬರುವ ಸದ್ದು ನಿಮಗೆ ಗೊತ್ತಿರಬೇಕು, ನನಗಂತೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

"ಹಾಸಿಗೇಲಿ ಇಲಿ ಸೇರಿದೆ" ಎಂದರು ಅತ್ತೆ. ಬೀದಿಯ ಬೆಕ್ಕನ್ನು ಹಿಡಿದು ತಂದು ಕೋಣೆಯಲ್ಲಿ ಬಿಟ್ಟರು. ಬೆಕ್ಕು ಮಂಚಕ್ಕೆ ಹಾರಿತು, ಹಾಸಿಗೆ ಕಿರ್ರೆಂದಿತು, ಬೆಕ್ಕು ಬಾಲ ದಪ್ಪ ಮಾಡಿಕೊಂಡು ಕಿಟಕಿಯಿಂದ ಹೋದದ್ದು ಇನ್ನೂ ನಮ್ಮ ಬೀದಿಗೆ ಬಂದಿಲ್ಲ.

ಆಮೇಲೆ ಅತ್ತೆ ಹೊದಿಕೆ ಎತ್ತಿ ನೋಡಿದರು. ಹಾಗೆಯೇ ಅಳಿಯನನ್ನು ಕರೆದರು.

"ಅಳಿಯಂದ್ರೇ, ಬನ್ನಿ ಇಲ್ಲಿ. ಇದೇನಿದು, 'ಜೋಪಾನ, ಒಡೆಯುವ ವಸ್ತು'?"

ಆಯ್ತಪ್ಪ ಚೀಟಿಯನ್ನು ನೋಡಿದ. ಅತ್ತೆಯನ್ನು ನೋಡಿದ. ಅವನ ಜನ್ಮದಲ್ಲಿ ಒಂದೇ ಬಾರಿ ಅವನ ಬುದ್ಧಿ ಸಮಯಕ್ಕೆ ಸರಿಯಾಗಿ ಬಂದದ್ದು, ಬಂದದ್ದೂ ಕೆಟ್ಟ ಕೆಲಸಕ್ಕೇ. "ನಿಮ್ಮ ಸೊಂಟ ಅತ್ತೆ. ಡಾಕ್ಟ್ರು ಮೂಳೆ ಸವೆದಿದೆ ಅಂದಿದ್ರಲ್ಲ. ಜೋಪಾನವಾಗಿರ್ಲಿ ಅಂತ ಅಂಟಿಸ್ದೆ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ನನ್ನ ಹೆಂಡತಿಯ ಹತ್ತಿರ ಬಂದು, "ನಾನು ಈ ಅಳಿಯನನ್ನು ಇಷ್ಟು ದಿನ ಪೆದ್ದ ಅಂದ್ಕೊಂಡಿದ್ದೆ ಕಣಮ್ಮ. ಎಂಥ ಅಂತಃಕರಣ" ಎಂದು ಹೇಳಿಕೊಂಡರಂತೆ. ಅದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡ ಆಯ್ತಪ್ಪ ಹಿತ್ತಲಿಗೆ ಬಂದು ನನ್ನ ಕೈಹಿಡಿದು ಅತ್ತೇಬಿಟ್ಟ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈಗ ಆಕೆಗೆ ನಿಜ ತಿಳಿದರೆ, ಆ ಅಂತಃಕರಣದ ಗತಿ ಏನು?

"ಹೋಗಿ ಹೇಳಿಬಿಡು ಮಾರಾಯ" ಎಂದೆ.

"ಆಯ್ತು" ಎಂದ. ಎಂದಮೇಲೆ ಗೊತ್ತಲ್ಲ.

ಹೇಳುವ ಬದಲು ಅವನು ಒಂದು ಉಪಾಯ ಮಾಡಿದ. ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋದ ದಿನ ಹಾಸಿಗೆ ಬಿಚ್ಚಿ, ಅರ್ಧ ಥರ್ಮಾಕೋಲನ್ನು ಹಿತ್ತಲಿನ ಚರಂಡಿಗೆ ಸುರಿದು, ಆ ಜಾಗಕ್ಕೆ ಮನೆಯ ಹಳೆಯ ಬಟ್ಟೆಗಳನ್ನೆಲ್ಲ ತುಂಬಿದ. ಥರ್ಮಾಕೋಲ್ ತೇಲುತ್ತ, ಕುಣಿಯುತ್ತ ಹೋಯಿತು. ಪೀಡೆ ತೊಲಗಿತು ಎಂದುಕೊಂಡ. ಸಂಜೆ ಒಂದು ಮಳೆ ಬಂತು. ಚರಂಡಿ ನಮ್ಮ ಬೀದಿಯ ತಿರುವಿನಲ್ಲಿ ಕಟ್ಟಿಕೊಂಡು, ಉಕ್ಕಿ, ಬಿಳಿ ಗುಂಡುಗಳು ಸಾಲುಗಟ್ಟಿ ಎಲ್ಲರ ಹೊಸ್ತಿಲಿಗೂ ಬಂದವು. ಅತಿ ಹೆಚ್ಚು ಬಂದದ್ದು ಆಯ್ತಪ್ಪನ ಹೊಸ್ತಿಲಿಗೆ. ತನ್ನ ಮನೆ ಯಾವುದೆಂದು ಅದಕ್ಕೆ ಗೊತ್ತಿತ್ತು.

ಬೆಳಿಗ್ಗೆ ನೈರ್ಮಲ್ಯ ಇನ್ಸ್‌ಪೆಕ್ಟರು ಬಂದರು. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಒಂದು ಕೋಲು ಹಿಡಿದು, ಬೀದಿಯುದ್ದಕ್ಕೂ ವಿಚಾರಣೆ ಮಾಡಿ, ಕೊನೆಗೆ ಆಯ್ತಪ್ಪನ ಮುಂದೆ ನಿಂತರು.

"ನೀವೇ ಅಲ್ವಾ ಪರಿಸರ ಸಮಿತಿ ಅಧ್ಯಕ್ಷರು? ನಿಮ್ಮಂಥವರಿರೋ ಬೀದೀಲೇ ಹೀಗಾದ್ರೆ ಹೇಗೆ ಸಾರ್? ಇದನ್ನ ಸುರಿದ ಪುಣ್ಯಾತ್ಮ ಯಾರು ಅಂತ ನೀವೇ ಹುಡುಕಿಕೊಡ್ಬೇಕು. ಹಿಡಿದು ಬುದ್ಧಿ ಕಲಿಸ್ತೀನಿ."

"ಆಯ್ತು ಸಾರ್."

"ಅಲ್ಲೀತನಕ ಚರಂಡಿ ತೆರವು ಮಾಡ್ಸೋದು ನಿಮ್ಮ ಜವಾಬ್ದಾರಿ."

ಅದಕ್ಕೂ ಆಯ್ತು ಎಂದ. ಮುಂದಿನ ಒಂದು ವಾರ ಅವನು ಕೆಲಸದಿಂದ ಬಂದವನೇ ಚಹಾ ಸೋಸುವ ಜಾಲರಿ ಹಿಡಿದು ಚರಂಡಿಯ ಪಕ್ಕ ಕೂರುತ್ತಿದ್ದ. ಒಂದು ಗುಂಡು ಹಿಡಿದರೆ ಅದು ಎರಡಾಗುತ್ತಿತ್ತು. ನೀರಿನಲ್ಲಿ ಮುಳುಗುವುದಿಲ್ಲ, ಮಣ್ಣಿನಲ್ಲಿ ಕರಗುವುದಿಲ್ಲ, ಸುಡೋಣವೆಂದು ಒಂದು ಹಿಡಿ ಹೊತ್ತಿಸಿದರೆ ಬೀದಿಯವರೆಲ್ಲ ಮೂಗು ಮುಚ್ಚಿಕೊಂಡು ಬೈದರು. ಅವನ ತೋಳಿಗೆ, ಹುಬ್ಬಿಗೆ, ಕಿವಿಗೆ ಅಂಟಿಕೊಂಡು ಹೋಗಲೊಲ್ಲದು. ದಾರಿಹೋಕರು ನಿಂತು, "ನೋಡಿ ಕಲೀಬೇಕು, ಅಧ್ಯಕ್ಷರಾದ್ರೂ ಎಷ್ಟು ಸರಳ" ಎಂದು ಮಕ್ಕಳಿಗೆ ತೋರಿಸಿ ಹೋದರು. ಸೋಸಿದ್ದನ್ನೆಲ್ಲ ಎಲ್ಲಿ ಹಾಕಬೇಕು ಎಂದು ತಿಳಿಯದೆ, ಒಣಗಿಸಿ, ಪುನಃ ಹಾಸಿಗೆಗೇ ತುಂಬಿದ. ಹಾಸಿಗೆಯ ಸದ್ದಿಗೆ ಈಗ ಚರಂಡಿಯ ವಾಸನೆಯೂ ಸೇರಿತು.

ಅತ್ತೆ ಕಣ್ಣಿನ ಕೆಳಗೆಲ್ಲ ಕಪ್ಪಾಗಿ, ನಡೆಯುವಾಗ ಗೋಡೆ ಹಿಡಿದುಕೊಳ್ಳುವ ಸ್ಥಿತಿಗೆ ಬಂದರು. ಆದರೂ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಅಳಿಯ ಅಷ್ಟು ಅಕ್ಕರೆಯಿಂದ ಚೀಟಿ ಅಂಟಿಸಿದ್ದಾನೆ, ಹೇಗೆ ಬೇಡವೆನ್ನುವುದು ಎಂದು ಸುಮ್ಮನಿದ್ದರಂತೆ. ಇದು ಗೊತ್ತಾದ ಮೇಲೆ ಆಯ್ತಪ್ಪನಿಗೂ ನಿದ್ದೆ ಹೋಯಿತು.

ಕಾರ್ಖಾನೆಯಲ್ಲಿ ಇತ್ತ ಹಾಸಿಗೆಗಳು ಮುಗಿದವು, ದಿಂಬುಗಳೂ ಮುಗಿದವು. ಮೂರನೆಯ ಆರ್ಡರಿಗೆ ಸುತ್ತಲೂ ಎಲ್ಲೂ ಹತ್ತಿಯಿಲ್ಲ. ಮ್ಯಾನೇಜರು ಮಾತ್ರ ಏಕೋ ನಿಶ್ಚಿಂತೆಯಿಂದ ಇದ್ದರು. ಅಷ್ಟರಲ್ಲಿ ಚಹಾ ಮೇಡಂ ತಾವೇ ಬಂದು ಕಾರ್ಖಾನೆ ನೋಡುತ್ತೇನೆ ಎಂದರು. ಮ್ಯಾನೇಜರಿಗೆ ಹಿಗ್ಗು ಹಿಡಿಸಲಾರದಷ್ಟಾಯಿತು.

"ಕಾರ್ಯಕ್ರಮ ಮಾಡೋಣ ಕಣ್ರೀ. ವೇದಿಕೆ ಮೇಲೆ ಆ ಮೊದಲನೇ ಹಾಸಿಗೆ ಇಡೋಣ. ಖಾಲಿ ಚೀಲ ಇರುತ್ತಲ್ಲ, ಅದನ್ನ. ಅತ್ತೆಯವ್ರನ್ನೂ ಕೂರಿಸೋಣ. ನಾನೇ ವ್ಯಾನ್ ಕಳಿಸ್ತೀನಿ. ಆಗುತ್ತಲ್ವಾ?"

ಒಂದೇ ಒಂದು ಬಾರಿ, ಒಂದೇ ಒಂದು ಬಾರಿ ಅವನು ಆಗಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ವ್ಯಾನು ಮನೆಗೆ ಹೋದಾಗ ಅತ್ತೆ ಒಳ್ಳೆಯ ಬಟ್ಟೆ ಉಟ್ಟು, ಕೈಚೀಲ ಹಿಡಿದು ಸಿದ್ಧರಾಗಿದ್ದರು. ತಮ್ಮ ಹಾಸಿಗೆಯನ್ನು ಏಕೆ ಸನ್ಮಾನಿಸುತ್ತಾರೆ ಎಂದು ಕೇಳಿದ್ದಕ್ಕೆ ವ್ಯಾನಿನ ಡ್ರೈವರು, "ನಿಮ್ಮ ತ್ಯಾಗಕ್ಕಮ್ಮ" ಎಂದನಂತೆ. ಆ ಹಾಸಿಗೆಯ ಮೇಲೆ ಮಲಗುವುದು ತ್ಯಾಗವೇ ಆದ್ದರಿಂದ ಆಕೆ ಹೆಚ್ಚು ಪ್ರಶ್ನೆ ಮಾಡಲಿಲ್ಲ.

ಅಂಗಳದಲ್ಲಿ ವೇದಿಕೆ, ವೇದಿಕೆಯ ಪಕ್ಕ ಎತ್ತರದ ಫ್ಯಾನು, ನಡುವೆ ಮೇಜಿನ ಮೇಲೆ ಹಾಸಿಗೆ. ಚಹಾ ಮೇಡಂ ತೆಳ್ಳಗಿನ, ಕಟ್ಟುನಿಟ್ಟಾದ ಹೆಂಗಸು. ಅತ್ತೆಯ ಪಕ್ಕದಲ್ಲೇ ಕೂತರು. ನಾವೆಲ್ಲ ಕೆಳಗೆ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆವು. ಆಯ್ತಪ್ಪ ವೇದಿಕೆಯ ತುದಿಯಲ್ಲಿ, ಇನ್ನೇನು ಬೀಳುತ್ತಾನೆ ಎನ್ನುವ ಹಾಗೆ.

ಮ್ಯಾನೇಜರು ಮೈಕು ಹಿಡಿದರು. "ಈ ಖಾಲಿ ಹಾಸಿಗೆಯನ್ನು ನೋಡಿ" ಎಂದು ಅದರತ್ತ ಕೈಚಾಚಿದರು. ಹಾಸಿಗೆ ಉಂಡು ಮಲಗಿದವರ ಹೊಟ್ಟೆಯ ಹಾಗೆ ಉಬ್ಬಿತ್ತು. ಮ್ಯಾನೇಜರು ಒಂದು ಕ್ಷಣ ತಡವರಿಸಿ, "ಅಂದರೆ, ತ್ಯಾಗದಿಂದ ತುಂಬಿದ ಈ ಹಾಸಿಗೆ" ಎಂದು ತಿದ್ದಿಕೊಂಡರು.

"ತುಂಬಿದೆಯಲ್ಲ" ಎಂದರು ಚಹಾ ಮೇಡಂ. "ಹತ್ತಿ ನನಗೆ ಬಂತು. ಹಾಗಾದ್ರೆ ಇದರಲ್ಲಿ ಏನಿದೆ?"

"ಹತ್ತಿ ನಿಮಗೆ ಬಂತಾ?" ಎಂದರು ಅತ್ತೆ, ಬಹಳ ಮೆಲ್ಲಗೆ. ರೈಲಿನಲ್ಲಿ ಅವರ ಆ ಮೆಲುದನಿ ಕೇಳಿ ಎಷ್ಟು ಜನ ಶೌಚಾಲಯದಲ್ಲಿ ಅಡಗಿದ್ದರೋ. ಆಕೆ ಎದ್ದು, ಕೈಚೀಲದಿಂದ ಕತ್ತರಿ ತೆಗೆದರು. "ನನಗೂ ಬಹಳ ದಿನದಿಂದ ನೋಡ್ಬೇಕು ಅಂತಿತ್ತು."

ಕತ್ತರಿ ಸೆಣಬಿನ ಹುರಿಯನ್ನು ಕಚಕ್ ಎಂದು ಕತ್ತರಿಸಿತು.

ಫ್ಯಾನು ಇರುವುದು ಎಲ್ಲರಿಗೂ ಮರೆತುಹೋಗಿತ್ತು. ಮುಂದೆ ಆದದ್ದನ್ನು ಹೇಗೆ ವರ್ಣಿಸಲಿ. ನಿಂತವರೆಲ್ಲ ಬೆಳ್ಳಗಾದರು. ಮ್ಯಾನೇಜರ ಎಣ್ಣೆ ಹಾಕಿದ ತಲೆಗೆ ಒಂದು ಪದರ ಅಂಟಿತು. ಚಹಾ ಮೇಡಂ ಅವರ ಕನ್ನಡಕ ಕಾಣದಾಯಿತು. ಯೂನಿಯನ್ ಕಾರ್ಯದರ್ಶಿ ಆಗಷ್ಟೇ ಕೈ ಎತ್ತಿ ಬಾಯಿ ತೆರೆದಿದ್ದ, ಪಾಪ. ಥರ್ಮಾಕೋಲ್ ಚೂರುಗಳು ಯಾರ ಮೇಲೆ ಕೂತವೋ ಅವರನ್ನು ಬಿಡದೆ, ಒರೆಸಿದ ಕೈಗೇ ಅಂಟಿಕೊಂಡವು. ಕೊನೆಗೆ ಹಾಸಿಗೆಯಿಂದ ನನ್ನ ಒಂದು ಹಳೆಯ ಅಂಗಿಯೂ ಹೊರಬಂತು. ಅದನ್ನು ಅವನು ಯಾವಾಗ ನಮ್ಮ ತಂತಿಯ ಮೇಲಿಂದ ಎತ್ತಿದ್ದನೋ ದೇವರಿಗೇ ಗೊತ್ತು.

ಫ್ಯಾನು ನಿಲ್ಲಿಸಿದ ಮೇಲೆ ಅತ್ತೆ ಅಳಿಯನ ಕಡೆ ತಿರುಗಿದರು. "ಅಳಿಯಂದ್ರೇ, ಏನಿದು?"

"ಹೇಳ್ತೀನಿ ಅತ್ತೆ" ಎಂದ ಆಯ್ತಪ್ಪ. "ಥರ್ಮಾಕೋಲಿಗೆ ಆರ್ಡರ್ ಹಾಕೋದು ಮರ್ತೆ. ಕೆಲಸ ಹೋಗುತ್ತೆ ಅಂತ ಹೆದರಿ ನಿಮ್ಮ ಹತ್ತಿ ಕದ್ದೆ. ಪರಿಸರಕ್ಕಲ್ಲ, ಏನಕ್ಕೂ ಅಲ್ಲ. ಚೀಟೀನೂ ನಿಮ್ಮ ಸೊಂಟಕ್ಕೆ ಅಂಟಿಸಿದ್ದಲ್ಲ. ಕೈ ಅಭ್ಯಾಸ. ಮಾವನವರು ಹೊಲಿಸಿದ ಹಾಸಿಗೆ ಅಂತ ಗೊತ್ತಿದ್ದೂ ಮಾಡ್ದೆ. ನಾನು ಪೆದ್ದನೇ ಅತ್ತೆ. ನೀವು ಮೊದಲು ಅಂದ್ಕೊಂಡಿದ್ದೇ ಸರಿ."

"ತಮಾಷೆ ಮಾಡ್ತಾರೆ, ಇವರು ತುಂಬಾ ತಮಾಷೆ" ಎಂದು ಮ್ಯಾನೇಜರು ನಗಲು ಹೊರಟರು. ಆಗಲೇ ಗೇಟಿನ ಹತ್ತಿರ ಹಾರನ್ ಕೇಳಿಸಿತು. ಒಂದು ಲಾರಿ. ಡ್ರೈವರು ತಲೆ ಹೊರಹಾಕಿ, ಅಷ್ಟು ಜನರಿದ್ದಾರೆಂದೂ ನೋಡದೆ, "ಮ್ಯಾನೇಜರ್ ಸಾರ್, ಥರ್ಮಾಕೋಲ್ ಎಲ್ಲಿ ಇಳಿಸ್ಲಿ? ಮುಂದಿನ ಗೇಟಿಗೆ ಬರ್ಬೇಡ ಅಂದಿದ್ರಿ, ಹಿಂದಿನ ಗೇಟಿಗೆ ಬೀಗ ಹಾಕಿದೆ" ಎಂದು ಕೂಗಿದ.

ಮ್ಯಾನೇಜರ ನಿಶ್ಚಿಂತೆಯ ಗುಟ್ಟು ಆಗ ತಿಳಿಯಿತು. ಹಾಸಿಗೆಗಳು ಮುಗಿದ ದಿನವೇ ಅವರು ಗುಟ್ಟಾಗಿ ಒಂದು ಲಾರಿ ಥರ್ಮಾಕೋಲಿಗೆ ಹೇಳಿಬಿಟ್ಟಿದ್ದರು. ಪೆಟ್ಟಿಗೆಯ ಮೇಲೆ ಒಂದು ಹಿಡಿ ಹತ್ತಿ, ಕೆಳಗೆಲ್ಲ ಹಳೆಯ ಕಥೆ. ಚಹಾ ಮೇಡಂ ಕನ್ನಡಕ ಒರೆಸುತ್ತ, "ಇದು ಯಾರಿಗೆ ಬಂದಿದ್ದು?" ಎಂದು ಕೇಳಿದರು.

"ಬೇರೆ ಲಾರಿ ಮೇಡಂ, ದಾರಿ ತಪ್ಪಿ ಬಂದಿದೆ" ಎಂದ ಮ್ಯಾನೇಜರು ಆಯ್ತಪ್ಪನ ತೋಳು ಹಿಡಿದು ಪಕ್ಕಕ್ಕೆಳೆದು ಪಿಸುಗುಟ್ಟಿದರು. ಮೈಕು ಇನ್ನೂ ಅವರ ಕೈಯಲ್ಲೇ ಇದ್ದದ್ದರಿಂದ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು. "ಹೋಗಿ ಹಿಂದಿನ ಗೇಟಿನ ಬೀಗ ತೆಗೀರಿ. ಬೇಗ ಇಳಿಸ್ಕೊಳ್ಳಿ. ನಿಮ್ಮ ಹಾಸಿಗೆ ವಿಷಯ ನಾನು ಮರ್ತುಬಿಡ್ತೀನಿ, ನಿಮ್ಮ ಕೆಲಸಕ್ಕೂ ತೊಂದ್ರೆ ಇಲ್ಲ. ಆಯ್ತಾ?"

ನಾವೆಲ್ಲರೂ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು ಮುಗಿಸಿದ್ದೆವು.

"ಆಗಲ್ಲ ಸಾರ್" ಎಂದ ಆಯ್ತಪ್ಪ.

ಅಂದವನೇ ತಾನೇ ಬೆಚ್ಚಿ ಹಿಂದೆ ನೋಡಿದ, ಬೇರೆ ಯಾರೋ ಹೇಳಿದರೇನೋ ಎಂದು. ಹಿಂದೆ ಯಾರೂ ಇರಲಿಲ್ಲ.

"ಏನಂದ್ರಿ?"

"ಆಗಲ್ಲ. ನಾನು ಅದನ್ನ ಚಹಾ ಜಾಲರೀಲಿ ಸೋಸಿದ್ದೀನಿ ಸಾರ್. ಮುಗಿಯೋದೇ ಇಲ್ಲ ಅದು. ನೀರಿಗೆ ಹಾಕಿದ್ರೆ ಬಾಗಿಲಿಗೆ ಬರುತ್ತೆ. ಸುಟ್ರೆ ಬೀದಿಯವ್ರು ಉಸಿರಾಡೋ ಹಾಗಿಲ್ಲ. ಮನೇಲಿ ಬಚ್ಚಿಟ್ರೆ ವಯಸ್ಸಾದವ್ರಿಗೆ ನಿದ್ದೆ ಇಲ್ಲ. ಇಷ್ಟು ವರ್ಷ ಪೆಟ್ಟಿಗೇಲಿ ಹಾಕಿ ಕಳಿಸ್ತಿದ್ದೆ, ಎಲ್ಲಿಗೆ ಹೋಗುತ್ತೆ ಅಂತ ನೋಡಿರ್ಲಿಲ್ಲ. ಈಗ ನೋಡಿದ್ದೀನಲ್ಲ ಸಾರ್. ಕೆಲಸದಿಂದ ತೆಗೀರಿ. ಬೀಗ ಮಾತ್ರ ನಾನು ತೆಗೆಯಲ್ಲ."

ಬೀಗದ ಕೈ ಅವನ ಸೊಂಟದಲ್ಲಿತ್ತು. ಅದನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟುಬಿಟ್ಟ. ಅತ್ತೆ ಅದನ್ನು ಕೈಚೀಲಕ್ಕೆ ಹಾಕಿ ಚೀಲದ ಬಾಯಿ ಮುಚ್ಚಿದರು. ಆ ಚೀಲಕ್ಕೆ ಹೋದದ್ದು ಹೊರಗೆ ಬರುವುದಿಲ್ಲ ಎಂಬುದು ಆಕೆಯ ಮುಖದಲ್ಲೇ ಬರೆದಿತ್ತು.

ಪ್ಯಾಕಿಂಗಿನ ಹೆಂಗಸರು ಒಬ್ಬೊಬ್ಬರಾಗಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಅದರ ಮೇಲೆ ಕೂತರು. ನಾವೂ ಲಾರಿ ಇಳಿಸುವುದಿಲ್ಲ, ಏನು ಮಾಡುತ್ತೀರೋ ಮಾಡಿ ಎನ್ನುವ ಹಾಗೆ. ಯೂನಿಯನ್ ಕಾರ್ಯದರ್ಶಿ ಬಾಯಿಯಿಂದ ಗುಂಡುಗಳನ್ನು ಉಗುಳಿ ಇದು ತನ್ನ ಹೋರಾಟದ ಫಲ ಎಂದು ಹೇಳಿ ಕೂತ. ನನಗೂ ಕೂರಬೇಕೆನಿಸಿತು, ಸೊಂಟ ಬಗ್ಗಲಿಲ್ಲ. ಚಹಾ ಮೇಡಂ ಎಲ್ಲರನ್ನೂ ಒಮ್ಮೆ ನೋಡಿದರು. "ಮೊದಲನೇ ಪೆಟ್ಟಿಗೆ ಮರೆವಿನಿಂದ ಬಂದಿರ್ಲಿ. ಮೂರನೇದು ಹೇಗೆ ಬರುತ್ತೆ ಅನ್ನೋದು ನನಗೆ ಮುಖ್ಯ. ಆ ಲಾರಿ ಇಲ್ಲಿ ಇಳಿದ್ರೆ ನನ್ನ ಕಪ್ಪು ಬೇರೆ ಕಡೆ ತಯಾರಾಗುತ್ತೆ" ಎಂದರು.

ಮ್ಯಾನೇಜರು ಲಾರಿಯನ್ನು ನೋಡಿದರು, ಮೇಡಂ ಅವರನ್ನು ನೋಡಿದರು. ಆಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ, ಬಹಳ ಸಣ್ಣ ದನಿಯಲ್ಲಿ, "ಆಯ್ತು" ಎಂದರು. ಲಾರಿ ತಿರುಗಿತು.

ಆಮೇಲೆ ಪೆಟ್ಟಿಗೆಗೆ ಏನು ತುಂಬಿದಿರಿ ಎಂದು ಕೇಳುತ್ತೀರಿ. ಕಾರ್ಖಾನೆಯ ಎದುರಿನ ಬಡಗಿಯ ಅಂಗಡಿಯಲ್ಲಿ ಮರ ಹೆರೆದ ಸುರುಳಿ ಸಿಪ್ಪೆಯನ್ನು ದಿನವೂ ರಾಶಿ ಹಾಕಿ ಸುಡುತ್ತಿದ್ದರು. ಆ ಹೊಗೆ ಕಣ್ಣಿಗೆ ಹೋಗಿ ನನ್ನ ನೀಲಿ ಗೆರೆ ಸೊಟ್ಟಗಾಗುತ್ತದೆ ಎಂದು ನಾನು ವರ್ಷಗಟ್ಟಲೆ ಜಗಳವಾಡಿದ್ದೆ. ಪ್ಯಾಕಿಂಗಿನ ಹೆಂಗಸರು ಹೋಗಿ ಕೇಳಿದರು, ಬಡಗಿ ಕೈಮುಗಿದು ಕೊಟ್ಟ. ಈಗ ಕಪ್ಪುಗಳು ಮರದ ಸಿಪ್ಪೆಯಲ್ಲಿ ಮಲಗಿ ಹೋಗುತ್ತವೆ, ಹೊಗೆಯೂ ಇಲ್ಲ. ಇಷ್ಟು ಸುಲಭದ ವಿಷಯ ನಮ್ಮ ಹಾಸಿಗೆಗಳು ಹೋಗುವ ಮೊದಲು ಯಾರಿಗೂ ಹೊಳೆಯಲಿಲ್ಲ ಎನ್ನುವುದೊಂದೇ ನನಗೆ ಹೊಟ್ಟೆಯುರಿ. ಆಯ್ತಪ್ಪನ ಕೆಲಸ ಉಳಿಯಿತು, ಅಧ್ಯಕ್ಷಗಿರಿಯೂ ಉಳಿಯಿತು.

ಅತ್ತೆಯ ವಿಷಯ ಉಳಿಯಿತಲ್ಲ. ಅಂದು ಸಂಜೆ ಆಕೆ ಕಿರಿಯ ಮಗಳ ಮನೆಗೆ ಹೊರಟೇಬಿಡುತ್ತಾರೆ ಎಂದು ಎಲ್ಲರೂ ಹೆದರಿದ್ದರು. ಆಯ್ತಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು. ಅತ್ತೆ ಕೈಚೀಲ ಕೆಳಗಿಟ್ಟು ಅವನ ಮುಂದೆ ಬಂದು ನಿಂತರು.

"ಅಳಿಯಂದ್ರೇ, ನನ್ನ ನೌಕರೀಲಿ, ತಾನಾಗೇ ಎದ್ದು ನಿಂತು ಟಿಕೆಟ್ ಇಲ್ಲ ಅಂತ ಒಪ್ಕೊಂಡವ್ರಿಗೆ ನಾನು ಯಾವತ್ತೂ ದಂಡ ಹಾಕಿಲ್ಲ" ಎಂದರು.

ಆಯ್ತಪ್ಪ ತಲೆ ಎತ್ತಿದ. ಕಣ್ಣು ತುಂಬಿತ್ತು.

"ಸೀಟು ಮಾತ್ರ ಬಿಡಿಸಿದ್ದೀನಿ. ನಿಮ್ಮ ಹಾಸಿಗೆ ತಂದು ನನ್ನ ಮಂಚದ ಮೇಲೆ ಹಾಕಿ."

ಅಧ್ಯಕ್ಷರ ಹಾಸಿಗೆ ಇನ್ನೂ ಮನೆಯಲ್ಲೇ ಇತ್ತು ಎಂಬುದು ಬೀದಿಗೆ ಗೊತ್ತಾದದ್ದೇ ಆಗ. ಅತ್ತೆಯದನ್ನು ಕೊಟ್ಟವನ ಹತ್ತಿರ ಇನ್ನೊಂದು ಕೇಳುವುದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ನಾವೆಲ್ಲ ಚಾಪೆಯ ಮೇಲೆ ಹೊರಳಾಡುವಾಗ ಆ ಮಹಾನುಭಾವ ಹತ್ತಿ ಹಾಸಿಗೆಯ ಮೇಲೆ ಮಲಗಿದ್ದ. ನನ್ನ ಪಿತ್ತ ನೆತ್ತಿಗೇರಿತು.

ಸ್ವಲ್ಪ ಹೊತ್ತಿಗೆ ಅವನು ನಮ್ಮ ಬಾಗಿಲಿಗೇ ಬಂದ. ಬರಿಗೈಯಲ್ಲಿ, ಕಿವಿಯ ಹಿಂದೆ ಇನ್ನೂ ಎರಡು ಬಿಳಿ ಗುಂಡು ಅಂಟಿಸಿಕೊಂಡು.

"ನಮ್ಮನೇಲಿ ಚಾಪೆ ಇಲ್ಲ. ನಿಮ್ಮಲ್ಲಿ ಇನ್ನೊಂದಿದ್ರೆ ಕೊಡ್ತೀರಾ?"

ನನ್ನ ಹಾಸಿಗೆ ಹೋಯಿತು, ಅಂಗಿ ಹೋಯಿತು, ಸೊಂಟ ಹೋಯಿತು. ಈಗ ಚಾಪೆ. ನಾನು ಎದ್ದು ನಿಂತೆ. ನನ್ನ ಸ್ವಭಾವ ಮೊದಲೇ ಹೇಳಿದ್ದೇನೆ. ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅವನು ಆ ಮಧ್ಯಾಹ್ನ ವೇದಿಕೆಯ ಮೇಲೆ ಬೀಗದ ಕೈ ಬಿಚ್ಚಿಕೊಟ್ಟದ್ದು ಕಣ್ಣ ಮುಂದೆ ಬಂತು.

"ಆಯ್ತು" ಎಂದೆ.